ಸಾವಿನ ವಾಕ್ಯಕ್ಕೆ ಕರ್ತೃ ಯಾರು?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಸುಮಾರು 55 ಕಿ.ಮೀ. ಘಟ್ಟದ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಎಡಕುಮೇರಿ ಆ ದಾರಿಯ ನಡುವಿನ ನಿಲ್ದಾಣ. 1979ರ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. 2006ರಲ್ಲಿ ಗೂಡ್ಸ್ ಗಾಡಿಗಳೂ 2007ರ ಕೊನೆಗೆ ಪ್ರಯಾಣಿಕರ ಗಾಡಿಗಳೂ ಓಡತೊಡಗಿದವು. ಸುರಂಗದ ಬಾಯಿ ದಾಟಿದರೆ ಸೇತುವೆ, ಸೇತುವೆ ದಾಟಿದರೆ ಮತ್ತೆ ಸುರಂಗ. ಉಳಿದಲ್ಲಿ ಒಂದು ಮಗ್ಗುಲಿಗೆ ಕಡಿದಾದ ಧರೆ, ಇನ್ನೊಂದು ಮಗ್ಗುಲಿಗೆ ಕಣಿವೆ. ಹಳಿಯ ಮೇಲಿರುವಾಗ ಗಾಡಿ ಬಂದರೆ ಆನೆಗಾಗಲಿ ಮನುಷ್ಯನಿಗಾಗಲಿ ಸರಿದು ನಿಲ್ಲಲು ಜಾಗ ಸಿಗುವುದು ಕಷ್ಟ.

ಈ ಸೀಮೆಯ ಸಾವುಗಳು ನಮಗೆ ತಲಪುವುದು ಹೆಚ್ಚಾಗಿ ಮೂರು ಬಗೆಯ ತಲೆಬರಹಗಳಲ್ಲಿ. ಕಾಡಾನೆ ದಾಳಿಗೆ ಕಾರ್ಮಿಕ ಬಲಿ. ರೈಲಿಗೆ ಸಿಕ್ಕಿ ಕಾಡಾನೆ ಸಾವು. ವಿದ್ಯುತ್ ತಂತಿ ತಗುಲಿ ಕಾಡಾನೆ ಸಾವು. ಮೊದಲನೆಯದರಲ್ಲಿ ಕೊಂದವರು ಯಾರೆಂಬುದು ಸ್ಪಷ್ಟ: ಆನೆ. ಎರಡನೆಯದರಲ್ಲಿ ಆನೆ ತಾನೇ ಹೋಗಿ ಸಿಕ್ಕಿಕೊಂಡಿದೆ. ಗಾಡಿಯ ವೇಗ, ರಾತ್ರಿಯ ಹೊತ್ತು, ಆನೆದಾರಿಗೆ ಅಡ್ಡವಾಗಿ ಹಾಕಿದ ಹಳಿ ಯಾವುದೂ ವಾಕ್ಯದೊಳಗೆ ಬರಲಿಲ್ಲ. ಮೂರನೆಯದರಲ್ಲಿ ತಂತಿ ಇದೆ, ಬೇಲಿಗೆ ಕರೆಂಟು ಹರಿಸಿದವನಿಲ್ಲ.

ಸಂಶಯವೂ ಇಲ್ಲೇ ಹುಟ್ಟುತ್ತದೆ. ಸಾವನ್ನು ನಾವು ಮೊದಲು ತಿಳಿದು ಆಮೇಲೆ ವಾಕ್ಯಕ್ಕೆ ಹಾಕುತ್ತೇವೆಯೇ, ಅಥವಾ ವಾಕ್ಯದಲ್ಲೇ ತಿಳಿಯುತ್ತೇವೆಯೇ? ನನ್ನ ಸಿದ್ಧಾಂತ ಎರಡನೆಯದು. ಪೂರ್ವಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ಒಂದು ಹಳೆಯ ಜಗಳವಿದೆ. ಪದಗಳು ತಮ್ಮ ತಮ್ಮ ಅರ್ಥವನ್ನು ಮೊದಲು ಹೇಳುತ್ತವೆ, ಆಮೇಲೆ ಆ ಅರ್ಥಗಳು ಕೂಡಿಕೊಳ್ಳುತ್ತವೆ ಎಂದ ಕುಮಾರಿಲ ಭಟ್ಟ. ಇತರ ಪದಗಳೊಡನೆ ಕೂಡಿದ ಅರ್ಥವನ್ನೇ ಪದ ಹೇಳುತ್ತದೆ, ಬಿಡಿಯಾಗಿ ಅಲ್ಲ ಎಂದ ಪ್ರಭಾಕರ. ಉಳಿದ ಪದಗಳ ಮಾತು ಹೇಗೂ ಇರಲಿ, ಸಾವಿನ ಮಟ್ಟಿಗೆ ನಾನು ಪ್ರಭಾಕರನ ಕಡೆ. ಯಾರು, ಎಲ್ಲಿ, ಯಾವ ಕೆಲಸದಲ್ಲಿ, ಯಾರಿಂದ ಎಂಬುದು ಸೇರುವವರೆಗೆ ‘ಸತ್ತ’ ಎಂಬುದರಿಂದ ಉಸಿರು ನಿಂತಿತೆಂದಷ್ಟೇ ಗೊತ್ತಾಗುತ್ತದೆ.

ಪೂರ್ವಪಕ್ಷಿ ಕೂಡಲೇ ಹೇಳುತ್ತಾನೆ: ಸಾವು ದೇಹಕ್ಕೆ ಆಗುವಂಥದು, ವೈದ್ಯರು ನೋಡಿ ಹೇಳುತ್ತಾರೆ, ಮಾತಿಗೆ ಇಲ್ಲೇನು ಕೆಲಸ? ಅವನು ರೈಲ್ವೆ ಕಾಯ್ದೆ ಓದಬೇಕು. ಎಡಕುಮೇರಿಯ ಹಳಿಯ ಪಕ್ಕ ಒಂದು ಶವ ಸಿಕ್ಕಿತೆನ್ನೋಣ. ಗಾಡಿಯಿಂದ ಆಯತಪ್ಪಿ ಬಿದ್ದ ಪ್ರಯಾಣಿಕನಾದರೆ 1989ರ ಕಾಯ್ದೆಯ 124ಎ ಕಲಮಿನಡಿ ಅದು ಅನಪೇಕ್ಷಿತ ಘಟನೆ. ರೈಲ್ವೆಯ ತಪ್ಪು ಇರಲಿ ಬಿಡಲಿ ಮನೆಯವರಿಗೆ ಪರಿಹಾರ ಉಂಟು, 2017ರಿಂದ ಆ ಮೊತ್ತ 8 ಲಕ್ಷ ರೂಪಾಯಿ. ಚಾರಣಕ್ಕೆಂದು ಹಳಿ ಹಿಡಿದು ನಡೆದವನಾದರೆ ಅದು 147ನೇ ಕಲಮಿನ ಅತಿಕ್ರಮಣ, ಸತ್ತವನೇ ತಪ್ಪಿತಸ್ಥ. ತಾನಾಗಿ ಹಾರಿದವನಾದರೆ ಪರಿಹಾರವೇ ಇಲ್ಲ. ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ ಮೂವರ ಗಾಯಗಳೂ ಒಂದೇ ತರಹ ಇರಬಹುದು. ಅವರನ್ನು ಬೇರೆ ಬೇರೆ ಮಾಡುವುದು ಜೇಬಿನ ಟಿಕೇಟು, ಕಂಡವರ ಮಾತು, ಮಹಜರಿನಲ್ಲಿ ಬರೆದದ್ದು. ಟಿಕೇಟು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಸತ್ತವನು ಪ್ರಯಾಣಿಕನಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟು 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಹೇಳಬೇಕಾಯಿತು. ದೇಹ ತಾನೇ ಎಲ್ಲವನ್ನೂ ಹೇಳುವಂತಿದ್ದರೆ ಆ ತೀರ್ಪು ಬೇಕಿರಲಿಲ್ಲ.

ಸಕಲೇಶಪುರವಿರುವ ಜಿಲ್ಲೆಯದೇ ಆದ ಶ್ರವಣಬೆಳಗೊಳವನ್ನೂ ನೋಡಬೇಕು. ಅನ್ನ ನೀರು ಬಿಟ್ಟು ದೇಹ ತೊರೆದವರ ನಿಸಿದಿ ಶಾಸನಗಳು ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಾವಿರ ವರ್ಷಗಳಿಗೂ ಹಿಂದಿನಿಂದ ಇವೆ. ಅಲ್ಲಿ ಅದು ಸಲ್ಲೇಖನವೆಂಬ ಜೈನ ವ್ರತ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಅದೇ ಸಲ್ಲೇಖನವನ್ನು ಆತ್ಮಹತ್ಯೆ ಎಂದಿತು. ಆ ತಿಂಗಳು ಮುಗಿಯುವುದರೊಳಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಉಪವಾಸ ಒಂದೇ, ಕೊನೆಯುಸಿರು ಒಂದೇ.

ಹಾಗಾದರೆ ಯಾರು ಹೇಗೆ ಹೇಳಿದರೂ ಸರಿಯೇ, ಸುಳ್ಳು ನಿಜ ಎಂಬ ಭೇದವೇ ಉಳಿಯುವುದಿಲ್ಲವಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಅಳತೆಗೋಲು ಇದೆ. ಕೇಳಬೇಕಾದ ಪ್ರಶ್ನೆಯನ್ನು ಮುಚ್ಚಿಬಿಡುವ ವಾಕ್ಯ ಕೆಟ್ಟದ್ದು, ತೆರೆದಿಡುವ ವಾಕ್ಯ ಒಳ್ಳೆಯದು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ಕಾಡಿನಲ್ಲಿ ಕಾಡಾನೆ ಸೆರೆಯ ಕಾರ್ಯಾಚರಣೆ ನಡೆಯುತ್ತಿದ್ದಾಗ ಒಂಟಿಸಲಗದೊಡನೆ ಕಾದಾಡಿ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಆನೆ ಅವನು. ಮಾವುತ ಗೋಳಾಡಿದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ಕಂಡಿತು. ಹುತಾತ್ಮ, ವೀರಮರಣ ಎಂಬ ಮಾತುಗಳು ಅಂದೇ ಹರಡಿದವು. ಆ ಮಾತುಗಳಲ್ಲಿ ಪ್ರೀತಿ ಇತ್ತು, ಅನುಮಾನವಿಲ್ಲ. ಆದರೆ 60 ದಾಟಿದ್ದಕ್ಕೆ 2020ರಲ್ಲಿ 750 ಕಿಲೋ ಅಂಬಾರಿಯಿಂದ ಬಿಡುಗಡೆ ಮಾಡಿದ ಆನೆಯನ್ನು ಮದಗಜದ ಮುಂದೆ ನಿಲ್ಲಿಸಿದ್ದು ಯಾರ ತೀರ್ಮಾನ? ಹುತಾತ್ಮ ತಾನಾಗಿ ಪ್ರಾಣ ಕೊಡುತ್ತಾನೆ, ಅರ್ಜುನನನ್ನು ಕರೆತಂದಿದ್ದರು. ಅದಕ್ಕೆ ಮೂರು ತಿಂಗಳ ಹಿಂದೆ, ಆಗಸ್ಟ್ 31ರಂದು, ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮನೆಂಬ ಆನೆಗೆ ಚಿಕಿತ್ಸೆಗಾಗಿ ಅರಿವಳಿಕೆ ಮದ್ದು ಹಾರಿಸಲು ಹೋದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ವೆಂಕಟೇಶ್ ಅದೇ ಭೀಮನ ಕಾಲಿಗೆ ಸಿಕ್ಕಿ ತೀರಿಕೊಂಡರು. ಅಲ್ಲಿ ಭೀಮನನ್ನು ಕೊಲೆಗಡುಕ ಎಂದು ನಿಲ್ಲಿಸಿದರೆ, ಇಂಥ ಕೆಲಸಕ್ಕೆ ಹೋಗುವವರಿಗೆ ಯಾವ ರಕ್ಷಣೆ ಇರುತ್ತದೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ದುಃಖಕ್ಕೆ ಭಾಷೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಮೊದಲ ಅಳು ಮಾತಿಗೆ ಮುಂಚಿನದು, ಒಪ್ಪಿದೆ. ಆದರೆ ಸಾವಿನ ಮನೆಯಲ್ಲಿ ಒಂದು ಗಳಿಗೆ ಕೂತು ನೋಡಿ. ಬಂದವರೆಲ್ಲ ಹೊಸ್ತಿಲು ದಾಟುತ್ತಲೇ ಕೇಳುವುದು, ‘ಹೆಂಗಾಯ್ತು?’ ಮನೆಯವರು ಹೇಳುತ್ತಾರೆ: ಬೆಳಗ್ಗೆ ಮಂಜಿತ್ತು, ತೋಟಕ್ಕೆ ಹೊರಟಿದ್ದರು, ಆನೆ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜು ಬಂದಿರಲಿಲ್ಲ, ಕಾಫಿ ಗಿಡದ ಮರೆಯಲ್ಲಿ ನಿಂತಿತ್ತಂತೆ. ಮುಂದಿನವರಿಗೆ ಮತ್ತೆ ಅದೇ. ಒಬ್ಬರು ಮೆಸೇಜಿನ ಮಾತನ್ನು ಒತ್ತುತ್ತಾರೆ, ಇನ್ನೊಬ್ಬರು ಹಣೆಬರಹ ಎನ್ನುತ್ತಾರೆ. ತಿಥಿಯ ಹೊತ್ತಿಗೆ ಒಂದು ಹೇಳಿಕೆ ನೆಲೆಗೊಳ್ಳುತ್ತದೆ, ಮಕ್ಕಳು ಮುಂದೆ ಅದನ್ನೇ ಅಪ್ಪನ ಸಾವು ಎಂದು ತಿಳಿದು ಬೆಳೆಯುತ್ತಾರೆ. ಹಣೆಬರಹ ಎಂದು ನಿಂತರೆ ಅರಣ್ಯ ಇಲಾಖೆಯ ಬಾಗಿಲು ತಟ್ಟುವ ಕೈಗೆ ಬಲ ಬರುವುದಿಲ್ಲ. ಅದಕ್ಕೇ ಈ ವಿಚಾರ ನನಗೆ ಬರೀ ಪಾಂಡಿತ್ಯದ್ದಲ್ಲ.

ಉಳಿದದ್ದು ಒಂದು ಆಕ್ಷೇಪ, ನನ್ನ ಮನಸ್ಸನ್ನೂ ಕಾಡುವಂಥದು. ಸತ್ತವರಿಗೆ ಗೌರವದ ಮಾತನ್ನಾದರೂ ಬಿಡಬಾರದೇ, ಅಲ್ಲೂ ಲೆಕ್ಕ ಕೇಳಬೇಕೇ? ಗೌರವ ಮತ್ತು ಲೆಕ್ಕ ಒಂದೇ ಕಲ್ಲಿನಲ್ಲಿ ಕೂರುತ್ತವೆ ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನವಿದೆ. ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಅರಸನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದನ್ನು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಕೊಟ್ಟರು. ನಾಯಿ ಯಾರದು, ಎಲ್ಲಿ ಬಿಟ್ಟರು, ಯಾವುದರ ಮೇಲೆ ಬಿಟ್ಟರು ಎಲ್ಲವೂ ಅಲ್ಲಿದೆ, ಸತ್ತ ಹಂದಿಯೂ ಇದೆ. ಅರ್ಜುನನಿಗಾಗಿ ಕೆತ್ತುವ ಕಲ್ಲಿನಲ್ಲೂ ಅಂಬಾರಿಯ ಎಂಟು ವರ್ಷಗಳ ಕೆಳಗೆ ಅವನ ವಯಸ್ಸು, ಆ ದಿನ ಒಪ್ಪಿಸಿದ್ದ ಕೆಲಸ, ಒಪ್ಪಿಸಿದ ಇಲಾಖೆಯ ಹೆಸರು ಇರಬೇಕು.