ತೋಟ ಊರಿನದು, ಬೋರು ಪಕ್ಕದವನದು

ನೊಣವಿನಕೆರೆಯ ರೈತನೊಬ್ಬ ತನ್ನ ತೆಂಗಿನ ತೋಟವನ್ನು ಊರಿಗೇ ಬಿಟ್ಟುಕೊಟ್ಟ ಎನ್ನೋಣ. ತೋಟಕ್ಕೆ ನೀರು ಬರುವುದು ಮಾತ್ರ ಪಕ್ಕದವನ ಬೋರಿನಿಂದ. ದಾನವೇನೋ ನಿಜ. ಆದರೆ ಪಕ್ಕದವನು ಮೋಟಾರು ನಿಲ್ಲಿಸಿದ ಬೇಸಿಗೆಯಲ್ಲಿ ಊರಿಗೆ ಉಳಿಯುವುದು ಒಣಗಿದ ಗರಿ. ಒಂದು ಕಂಪನಿಯ ಮುಚ್ಚಿದ ಲೈಬ್ರರಿಯನ್ನು, ಎಂದರೆ ಒಳಗನ್ನು ಯಾರಿಗೂ ತೋರಿಸದ ಸಿದ್ಧ ತಂತ್ರಾಂಶದ ತುಣುಕನ್ನು, ನೆಚ್ಚಿ ಬರೆದ ಸ್ವತಂತ್ರ ತಂತ್ರಾಂಶದ ಪಾಡೂ ಇದೇ. ಅದಕ್ಕೆ ಯಾವ ಪರವಾನಗಿ ಸರಿ ಎಂಬುದು ಕಾನೂನಿಗಿಂತ ಮೊದಲು ಪ್ರಾಮಾಣಿಕತೆಯ ಪ್ರಶ್ನೆ.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಹೊರುವ ಎರಡು ಅರ್ಥಗಳಿಗೆ ಕನ್ನಡದಲ್ಲಿ ಎರಡು ಪದಗಳಿವೆ. ಉಚಿತವೆಂದರೆ ದುಡ್ಡಿಲ್ಲದೆ ಸಿಕ್ಕಿದ್ದು. ಸ್ವತಂತ್ರವೆಂದರೆ ಆಕರ ಸಂಕೇತವನ್ನು ಓದಿ, ತಿದ್ದಿ, ಹಂಚಬಹುದಾದದ್ದು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ಸಿಕ್ಕಿ ಕಂಪ್ಯೂಟರಿನಲ್ಲಿ ಕನ್ನಡವನ್ನು ಮನೆಮನೆಗೆ ತಂದವು. ಆ ಉಪಕಾರ ದೊಡ್ಡದು. ಆದರೂ ಯೂನಿಕೋಡ್‌ಗೆ ಮೊದಲಿನ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತವನ್ನು, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರು ಕಂಡದ್ದು ಅರ್ಥವಿಲ್ಲದ ಚಿಹ್ನೆಗಳನ್ನು. ಬರೆದದ್ದು ನಮ್ಮದೇ, ಓದುವ ಕೀಲಿ ಬೇರೆ ಕಡೆ. ಅವಲಂಬನೆಯ ಬಿಸಿ ಕನ್ನಡಕ್ಕೆ ಆಗಲೇ ತಟ್ಟಿತ್ತು.

ತಿಪಟೂರು ಮಾರುಕಟ್ಟೆಗೆ ಹೋಗುವ ಕೊಬ್ಬರಿಯ ಲೆಕ್ಕಕ್ಕೆಂದು ನಮ್ಮ ಕಡೆಯ ಹುಡುಗಿಯೊಬ್ಬಳು ತಂತ್ರಾಂಶ ಬರೆದಳೆನ್ನಿ. ಚೀಟಿ ಮುದ್ರಿಸಲು ಮುಚ್ಚಿದ ಲೈಬ್ರರಿಯೊಂದನ್ನು ಬಳಸಿ, ಹಂಚುವಾಗ, ತಿದ್ದಿ ಹಂಚಿದ್ದೂ ಸ್ವತಂತ್ರವಾಗಿಯೇ ಉಳಿಯಬೇಕೆನ್ನುವ ಜಿಪಿಎಲ್ ಪರವಾನಗಿ ಹಾಕಿದಳು. ಸೇರಿಸಿ ಹಂಚಿದ ಇಡೀ ಕೃತಿ ತನ್ನ ಷರತ್ತಿಗೇ ಒಳಪಡಬೇಕೆನ್ನುತ್ತದೆ ಜಿಪಿಎಲ್. ಆಪರೇಟಿಂಗ್ ಸಿಸ್ಟಮ್‌ನ ಜೊತೆಗೇ ಬರುವ ಲೈಬ್ರರಿಗಳಿಗೆ ರಿಯಾಯಿತಿಯಿದೆ, ಇಂಥದ್ದಕ್ಕಿಲ್ಲ. ಹಾಗಾಗಿ ಪಡೆದವರು ಎರಡನ್ನೂ ಸೇರಿಸಿ ಮತ್ತೊಬ್ಬರಿಗೆ ಕೊಡಲಾರರು. ದಾರಿಯೂ ಅಲ್ಲೇ ಇದೆ: 2007ರ ಮೂರನೇ ಆವೃತ್ತಿಯ ಏಳನೇ ಕಲಮಿನಂತೆ, ಈ ಲೈಬ್ರರಿಯೊಂದಿಗೆ ಸೇರಿಸಲು ಅನುಮತಿಯಿದೆ ಎಂದು ಆಕೆ ಬರೆದುಕೊಡಬಹುದು. ಆದರೆ ತನ್ನ ಸಾಲುಗಳ ಮಟ್ಟಿಗೆ ಮಾತ್ರ. ಬೇರೆಯವರ ಜಿಪಿಎಲ್ ಸಂಕೇತ ಬೆರೆತಿದ್ದರೆ ಅವರ ಒಪ್ಪಿಗೆ ಬೇಕು. ತನ್ನದಲ್ಲದ್ದನ್ನು ದಾನ ಮಾಡಲು ಯಾರಿಗೂ ಹಕ್ಕಿಲ್ಲ.

ಹೆಚ್ಚು ಷರತ್ತಿಲ್ಲದ ಎಂಐಟಿ ಪರವಾನಗಿ ಹಾಕಿದರೆ ತಕರಾರೇ ಇಲ್ಲವಲ್ಲ ಎನ್ನುವವರಿದ್ದಾರೆ. ತೊಡಕು ತಪ್ಪುತ್ತದೆ, ನಿಜ. ಆದರೆ ತಂತ್ರಾಂಶವನ್ನು ಬೆಳೆಸಿದವರು ಬೆಳೆದ ಫಲವನ್ನು ಮುಚ್ಚಿಡಲೂಬಹುದು. ಲೈಬ್ರರಿ ಸ್ವತಂತ್ರವಾಗುವವರೆಗೆ ಬರೆಯಲೇಬಾರದು ಎನ್ನುವವರೂ ಇದ್ದಾರೆ. ಅವರಿಗೆ ಕೆಡಿಇ ಎಂಬ ಡೆಸ್ಕ್‌ಟಾಪ್ ತಂತ್ರಾಂಶದ ಕಥೆ ಹೇಳಬೇಕು. 1996ರಲ್ಲಿ ಶುರುವಾದ ಕೆಡಿಇ ನಿಂತದ್ದು ಆಗ ಸ್ವತಂತ್ರವಲ್ಲದ ಕ್ಯೂಟಿ ಎಂಬ ಲೈಬ್ರರಿಯ ಮೇಲೆ. 1997ರಲ್ಲಿ ಕೆಡಿಇಗೆ ಬದಲಿಯಾಗಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಹುಟ್ಟಿತು. 1998ರಲ್ಲಿ ಲಿನಕ್ಸ್ ವಿತರಣೆಯಾದ ಡೆಬಿಯನ್ ಕೆಡಿಇಯನ್ನು ಹಂಚಲು ಒಪ್ಪಲಿಲ್ಲ. 2000ದಲ್ಲಿ ಕ್ಯೂಟಿಯೇ ಜಿಪಿಎಲ್‌ಗೆ ಬಂತು. ಬಳಸಿ ಬರೆದವರಿಲ್ಲದಿದ್ದರೆ ಆ ಬಾಗಿಲನ್ನು ಯಾರೂ ಬಡಿಯುತ್ತಿರಲಿಲ್ಲ. ಒಪ್ಪದೆ ನಿಂತವರಿಲ್ಲದಿದ್ದರೆ ಅದು ತೆರೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಆದ್ದರಿಂದ ಬರೆಯಿರಿ, ಜಿಪಿಎಲ್ ಅನ್ನೇ ಹಾಕಿ. ವಿನಾಯಿತಿಯನ್ನು ಆ ಒಂದೇ ಲೈಬ್ರರಿಗೆ, ಅದರ ಹೆಸರು ಹಿಡಿದು ಕೊಡಿ. ನಾಳೆ ಅದನ್ನು ಕಳಚಿ ಬೇರೊಂದನ್ನು ಕೂಡಿಸುವಂತೆ ತಂತ್ರಾಂಶವನ್ನು ಕಟ್ಟಿ. ತೋಟ ಬಿಟ್ಟುಕೊಡುವ ಪತ್ರದಲ್ಲೇ ನೀರು ಯಾರದೆಂಬುದನ್ನೂ ಬರೆದಿಡಿ. ಅದನ್ನು ಓದಿದ ಯಾರಾದರೂ ಊರಿನದೇ ಬೋರು ಕೊರೆಸಲು ಮುಂದಾದಾರು.