ಅವ್ವನ ಮಾತಿನಲ್ಲಿ ದೇವರ ವಾಕ್ಯ

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಿವಿಗೊಟ್ಟು ನಿಂತರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಕೇಳುತ್ತವೆ. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಚೌಕಾಶಿ ಮಾಡಲು ಯಾವ ಭಾಷೆಯಾದರೂ ನಡೆಯುತ್ತದೆ. ಮಗು ಜ್ವರದಿಂದ ನರಳುವ ರಾತ್ರಿ ದೇವರನ್ನು ಕರೆಯಲು ಬಾಯಿಗೆ ಬರುವುದು ಮಾತ್ರ ಅವ್ವನಿಂದ ಕಲಿತ ಮಾತು. ಉತ್ತರವೂ ಅದೇ ಮಾತಿನಲ್ಲಿ ಬರಲೆಂದು ಜೀವ ಬಯಸುತ್ತದೆ. ಕ್ರೈಸ್ತರಾದ ನಾವು ಆ ಉತ್ತರವನ್ನು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ ಹುಡುಕುತ್ತೇವೆ.

ನಮ್ಮ ಧರ್ಮಕ್ಕೆ ಇದೊಂದೇ ದೇವಭಾಷೆ ಎಂಬುದಿಲ್ಲ. ಯೇಸು ಜನರೊಡನೆ ಆಡಿದ್ದು ಅರಮಾಯಿಕ್. ಆತನ ಮಾತನ್ನು ಸುವಾರ್ತೆಗಳು ನಮಗೆ ಉಳಿಸಿಕೊಟ್ಟದ್ದು ಗ್ರೀಕ್‌ನಲ್ಲಿ. ಆದರೂ ಪಶ್ಚಿಮದ ಸಭೆ ಶತಮಾನಗಳ ಕಾಲ ಲ್ಯಾಟಿನ್ನನ್ನೇ ಹಿಡಿದು ಕುಳಿತಿತ್ತು. ಬೈಬಲನ್ನು ಇಂಗ್ಲಿಷಿಗೆ ತರಲು ಹೊರಟ ವಿಲಿಯಂ ಟಿಂಡೇಲ್ 1536ರಲ್ಲಿ ಪ್ರಾಣ ತೆತ್ತ. ಕ್ಯಾಥೊಲಿಕರ ಬಲಿಪೂಜೆ ಜನರ ಭಾಷೆಗೆ ಬಂದದ್ದು 1962–65ರ ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿದ ಮೇಲೆ.

ಕನ್ನಡದ ಬೈಬಲಿಗೆ ಅಷ್ಟು ಕಾಯುವ ಗತಿ ಬರಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲು ಭಾಷೆ ಕಲಿತು ಅನುವಾದಕ್ಕೆ ಕೈ ಹಾಕಿದರು. ನಿಘಂಟುಕಾರ ವಿಲಿಯಂ ರೀವ್ ಜತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಅವರ ಪಕ್ಕದಲ್ಲಿ ಕುಳಿತು ಪದ ಪದಕ್ಕೂ ಕನ್ನಡ ಹೇಳಿಕೊಟ್ಟ ಊರಿನ ಪಂಡಿತರನ್ನೂ ನಾವು ನೆನೆಯಬೇಕು. ಮುಖಪುಟದಲ್ಲಿ ಅವರಿಗೆ ಜಾಗ ಸಿಗಲಿಲ್ಲ.

ಕಲಬುರಗಿಗೆ ಈ ಗ್ರಂಥದ ಬೆಲೆ ಒಂದು ತೂಕ ಹೆಚ್ಚು. 1948ರವರೆಗೆ ಇದು ನಿಜಾಮರ ಸೀಮೆ. ಕಚೇರಿ, ಕೋರ್ಟು ಎಲ್ಲ ಉರ್ದು. ಹೊಲದ ಕಾಗದ ಓದಿಸಿಕೊಳ್ಳಲೂ ಬಡವರು ಇನ್ನೊಬ್ಬರ ಮುಂದೆ ನಿಲ್ಲಬೇಕಿತ್ತು. ಅಂಥ ಕಾಲದಲ್ಲಿ ಬೀದರ್, ಕಲಬುರಗಿ ಭಾಗದ ಮೆಥೊಡಿಸ್ಟ್ ಸಭೆಗಳಲ್ಲಿ ಕನ್ನಡದ ಪುಸ್ತಕವೊಂದನ್ನು ಗಟ್ಟಿಯಾಗಿ ಓದಲಾಗುತ್ತಿತ್ತು. ಶಾಲೆಯ ಬಾಗಿಲು ತುಳಿಯದವರಿಗೂ ಅದು ತಿಳಿಯುತ್ತಿತ್ತು. ಕಮಲಾಪುರದ ಹಾದಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ. ಹನ್ನೆರಡನೇ ಶತಮಾನದ ಶರಣರು ಶಿವನೊಡನೆ ಕನ್ನಡದಲ್ಲೇ ಮಾತಾಡಿದ ನೆಲ. ಈ ಸೀಮೆಯವರಿಗೆ ತಾಯ್ನುಡಿಯ ಭಕ್ತಿ ಹೊಸದಾಗಿರಲಿಲ್ಲ.

ಅರ್ಥವಾಗುವುದು ಸಮಾಧಾನಕ್ಕಷ್ಟೇ ಅಲ್ಲ, ಪರೀಕ್ಷಿಸುವುದಕ್ಕೂ ಬೇಕು. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬೆರೋಯ ಊರಿನ ಜನರ ಪ್ರಸಂಗವಿದೆ. ಪೌಲನಂಥ ಪೌಲ ಬಂದು ಬೋಧಿಸಿದರೂ ಅವರು ದಿನದಿನವೂ ಗ್ರಂಥ ತೆರೆದು ಆತ ಹೇಳಿದ್ದು ಹೌದೋ ಅಲ್ಲವೋ ಎಂದು ನೋಡಿದರು. ಗ್ರಂಥ ಅವರನ್ನು ಗದರಿಸುವುದಿಲ್ಲ, ಮೆಚ್ಚುತ್ತದೆ. ಕೊನೆಯ ಸಾಲಿನಲ್ಲಿ ಕುಳಿತ ಕೂಲಿ ಹೆಣ್ಣುಮಗಳು ಪಾಸ್ಟರರ ಪ್ರಸಂಗ ಕೇಳಿ, ಮನೆಗೆ ಹೋಗಿ ತಾನೇ ಓದಿ, "ಅಯ್ಯನೋರೆ, ಇಲ್ಲಿ ಹಂಗಿಲ್ಲಲ್ರೀ" ಎನ್ನುವಂತಾದರೆ ಸಭೆಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ. ತಿಳಿಯದ ಭಾಷೆಯಲ್ಲಿ ಓದಿದರೆ ಆಕೆಗೆ ಉಳಿಯುವುದು ತಲೆಯಾಡಿಸುವ ಕೆಲಸ ಮಾತ್ರ.

ಕನ್ನಡ ಬಂತೆಂದು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಕಮಲಾಪುರದ ಸುತ್ತ ಲಂಬಾಣಿ ತಾಂಡಾಗಳಿವೆ. ತಾಂಡಾದ ಅಜ್ಜಿಗೆ ಕನ್ನಡ ಸಂತೆಯ ಭಾಷೆ. ಆಕೆ ಅಳುವುದೂ ಹಾಡುವುದೂ ಲಂಬಾಣಿಯಲ್ಲಿ. ಆ ಭಾಷೆಗೆ ತನ್ನದೇ ಲಿಪಿಯಿಲ್ಲ. ಕನ್ನಡ, ತೆಲುಗು, ದೇವನಾಗರಿಗಳಲ್ಲಿ ಬರೆಯುತ್ತಾರೆ. ನಮಗೆ ನಮ್ಮ ಭಾಷೆಯಲ್ಲಿ ಬೇಕೆಂದು ಕೇಳಿ ಪಡೆದವರು ಆಕೆಗೂ ಆಕೆಯ ಭಾಷೆಯಲ್ಲಿ ಕೇಳಿಸಬೇಕು. ಭಾನುವಾರ ಕನ್ನಡದಲ್ಲಿ ಓದಿದ ಪಾಠವನ್ನು ಮತ್ತೊಮ್ಮೆ ಲಂಬಾಣಿಯಲ್ಲಿ ಹೇಳಿಸಲು ಅಚ್ಚುಕೂಟವಾಗಲಿ ಸಮಿತಿಯಾಗಲಿ ಬೇಕಿಲ್ಲ. ಎರಡೂ ಭಾಷೆ ಬಲ್ಲ ತಾಂಡಾದ ಹುಡುಗಿಯನ್ನು ಮುಂದೆ ಕರೆದು ನಿಲ್ಲಿಸಿದರಾಯಿತು.