ಪ್ರಯಾಣದಲ್ಲಿ ಆಹಾರಶುದ್ಧಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಶ್ರವಣಬೆಳಗೊಳಕ್ಕೆ ಹೊರಟ ಶ್ರಾವಕನ ವ್ರತಕ್ಕೆ ದಾರಿಯಲ್ಲಿಯೇ ಪರೀಕ್ಷೆ. ಇಂಡಿಯಿಂದ 500 ಕಿ.ಮೀ. ಮೀರಿದ ಹಾದಿ, ಹೊತ್ತು ಮುಳುಗುವಾಗ ವಾಹನವು ಹೋಟೆಲಿನ ಮುಂದೆ ನಿಲ್ಲುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿಲ್ಲದ ಪಲ್ಯವು ದೊರೆತರೂ, ನೀರು ಗಾಳಿಸಿದುದೇ, ಹಿಟ್ಟು ಎಂದಿನದು ಎಂದು ಹೇಳಬಲ್ಲವರಾರು? ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ; ಗಾಳಿಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕುದಿಸಿದುದಕ್ಕೆ 24 ಗಂಟೆ.

ಆದುದರಿಂದ ಅಂದಿನ ಬೆಳಗಿನ ರೊಟ್ಟಿಯ ಬುತ್ತಿ, ಕುದಿಸಿದ ನೀರು ಜೊತೆಗಿರಲಿ. ಮಕ್ಕಳಿಗೂ ವೃದ್ಧರಿಗೂ ಹಗಲಿರುವಾಗಲೇ ಉಣಿಸಿರಿ. ಹೊತ್ತು ಮೀರಿದರೆ ವ್ರತಿಯು ಆ ರಾತ್ರಿ ಚತುರ್ವಿಧ ಆಹಾರವನ್ನು ತ್ಯಜಿಸಲಿ. ಒಂದು ರಾತ್ರಿಯ ಹಸಿವು ಮರುದಿನ ಅಳಿಯುವುದು. ಮುರಿದ ವ್ರತದ ನೋವು ವಿಂಧ್ಯಗಿರಿಯನ್ನೇರುವಾಗಲೂ ಜೊತೆಗೇ ಬರುವುದು.